ತರಬೇತಿ ಮುಗಿದ ಮೇಲೆ ಕೆಲಸ ಬದಲಾಯಿತೇ? ಓದುಗರ ಪ್ರಶ್ನೆ, ತಜ್ಞರ ಉತ್ತರ

ದುಡಿಯುವ ಜಾಗದಲ್ಲಿ ತರಬೇತಿ ಹೇಗಿರಬೇಕು ಎಂಬ ವಿಷಯಕ್ಕೆ ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳೇ ಹೆಚ್ಚು. ಅಕ್ಕಿ ಗಿರಣಿ, ಜೀನ್ಸ್ ಘಟಕ, ಗುತ್ತಿಗೆ ತಂಡ, ಅಂಗನವಾಡಿ, ಸಹಕಾರ ಸಂಘ ಹೀಗೆ ಕೆಲಸ ಬೇರೆಬೇರೆಯಾದರೂ ದೂರು ಬಹುಪಾಲು ಒಂದೇ: ತರಬೇತಿ ಕೊಟ್ಟೆವು, ಕೆಲಸ ಮಾತ್ರ ಮೊದಲಿನಂತೆಯೇ ನಡೆದಿದೆ. ಪತ್ರಗಳನ್ನು ಚಿಕ್ಕದಾಗಿಸಿ, ಹೆಸರು ಬಿಟ್ಟು ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಅಕ್ಕಿ ಗಿರಣಿ. ನುಚ್ಚು ಜಾಸ್ತಿ ಬೀಳುತ್ತಿದೆ ಎಂದು ಆಪರೇಟರುಗಳನ್ನೆಲ್ಲ ಕೂರಿಸಿ ಎರಡು ದಿನ ತರಬೇತಿ ಕೊಡಿಸಿದೆ. ಹಾಲ್ ಬಾಡಿಗೆ, ಊಟ, ತರಬೇತುದಾರರ ಸಂಭಾವನೆ ಎಲ್ಲ ಸೇರಿ ಖರ್ಚು ಸಾಕಷ್ಟಾಯಿತು. ನುಚ್ಚು ಇದ್ದಷ್ಟೇ ಇದೆ. ಬೇರೆ ತರಬೇತುದಾರರನ್ನು ಕರೆಸಲೇ?
– ಗಿರಣಿ ಮಾಲೀಕರು, ಗಂಗಾವತಿ ತಾಲ್ಲೂಕು

ಉತ್ತರ: ಸದ್ಯಕ್ಕೆ ಯಾರನ್ನೂ ಕರೆಸಬೇಡಿ. ಮೊದಲು, ಎರಡು ರಬ್ಬರ್ ರೋಲುಗಳ ನಡುವೆ ಭತ್ತದ ಸಿಪ್ಪೆ ಸುಲಿಯುವ ಶೆಲ್ಲರ್ ಯಂತ್ರದ ಪಕ್ಕ ನಿಂತು, ‘ರೋಲಿನ ಅಂತರ ಸರಿ ಮಾಡಿ ತೋರಿಸಪ್ಪ’ ಎಂದು ಆಪರೇಟರಿಗೆ ಹೇಳಿ ನೋಡಿ. ನಿಮ್ಮೆದುರು ಆತ ಸರಿಯಾಗಿ ಮಾಡಿದರೆ ಕೆಲಸ ಆತನಿಗೆ ಬರುತ್ತದೆ ಎಂದೇ ಅರ್ಥ. ಬಲ್ಲವನು ದಿನಾ ಯಾಕೆ ಮಾಡುತ್ತಿಲ್ಲ ಎಂಬುದನ್ನು ಆಮೇಲೆ ಹುಡುಕಬೇಕು, ಅದಕ್ಕೆ ತರಬೇತಿ ಪರಿಹಾರವಲ್ಲ. ನಿಮ್ಮೆದುರೂ ಮಾಡಲು ಬಾರದಿದ್ದರೆ ಮಾತ್ರ ಕಲಿಸುವ ಮಾತು.

ಬಲ್ಲವರೂ ಮಾಡದಿರಲು ಗಿರಣಿಯಲ್ಲಿ ಕಾರಣಗಳು ಬೇಕಾದಷ್ಟಿವೆ. ಗಂಟೆಗೆ ಇಷ್ಟು ಚೀಲ ಇಳಿಯಲೇಬೇಕು ಎಂಬ ಒತ್ತಡವಿದ್ದರೆ ಆತ ಯಂತ್ರ ನಿಲ್ಲಿಸಿ ಅಂತರ ನೋಡುವುದಿಲ್ಲ. ತೇವಾಂಶ ಅಳೆಯುವ ಮೀಟರ್ ಆಫೀಸಿನ ಬೀರುವಿನಲ್ಲಿದ್ದರೆ ಭತ್ತವನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಾನೆ. ಸವೆದ ರಬ್ಬರ್ ರೋಲ್ ಬದಲಿಸಿ ಎಂದು ಕೇಳಿದಾಗ ‘ಇನ್ನೆರಡು ದಿನ ಓಡಿಸು’ ಎಂಬ ಉತ್ತರ ಬಂದಿದ್ದರೆ ಮೂರನೇ ಸಲ ಕೇಳುವುದೇ ಇಲ್ಲ. ಇವೆಲ್ಲಕ್ಕಿಂತ ಸಾಮಾನ್ಯವಾದದ್ದು, ತನ್ನ ಪಾಳಿಯಲ್ಲಿ ಎಷ್ಟು ನುಚ್ಚು ಬಂತು ಎಂದು ಆಪರೇಟರಿಗೆ ಯಾರೂ ಹೇಳದೇ ಇರುವುದು. ಫಲ ಕಾಣದವನಿಗೆ ತಪ್ಪು ತಿದ್ದಿಕೊಳ್ಳಲು ದಾರಿಯೇ ಇಲ್ಲ.

ಇನ್ನೊಂದು ಮಾತು. ಗಿರಣಿಗೆ ಹಾಕುವ ಭತ್ತದ ತೇವಾಂಶ ಸುಮಾರು 14 ಶೇಕಡಾ ಇರಬೇಕು. ಕೊಯ್ಲಿನ ಕಾಲದಲ್ಲಿ ಬಿರುಬಿಸಿಲಿಗೆ ರಸ್ತೆಯ ಮೇಲೆ ತೆಳ್ಳಗೆ ಹರವಿ ಒಣಗಿಸಿದ ಭತ್ತ, ರಾತ್ರಿಯ ಇಬ್ಬನಿಗೋ ಮಳೆಗೋ ಸಿಕ್ಕಿ ಮತ್ತೆ ತೇವ ಹೀರಿದರೆ ಕಾಳಿನೊಳಗೇ ಬಿರುಕು ಬಿಡುತ್ತದೆ. ಅಂಥ ಭತ್ತಕ್ಕೆ ಎಷ್ಟೇ ಕೈಪಳಗಿದ ಆಪರೇಟರ್ ನಿಂತರೂ ನುಚ್ಚು ಬಂದೇ ಬರುತ್ತದೆ. ಹಾಗಿದ್ದಲ್ಲಿ ಕಲಿಯಬೇಕಾದವರು ಭತ್ತ ಖರೀದಿಸುವವರು. ಸಿಪ್ಪೆ ಸುಲಿದ ಕಾಳನ್ನು ಬೆಳಕಿಗೆ ಹಿಡಿದು ಬಿರುಕು ಗುರುತಿಸುವುದು ಅವರಿಗೆ ಬರಬೇಕು. ತಪ್ಪಾದ ಜನರಿಗೆ ಸರಿಯಾದ ಪಾಠ ಹೇಳುವುದು ನಾವು ಹೆಚ್ಚಾಗಿ ಕಾಣುವ ನಷ್ಟ.

ಇದೆಲ್ಲ ನೋಡಿದ ಮೇಲೂ ಕಲಿಸುವುದೇ ಬೇಕು ಎನಿಸಿದರೆ ‘ಅಕ್ಕಿ ಗಿರಣಿ ನಿರ್ವಹಣೆ’ ಎಂಬ ದೊಡ್ಡ ವಿಷಯ ಬೇಡ. ಒಂದೇ ಕೆಲಸ ಹಿಡಿಯಿರಿ. ಶೆಲ್ಲರಿನಿಂದ ಹೊರಬಂದ ಕಾಳಿನಲ್ಲಿ ನೂರನ್ನು ಎಣಿಸಿ, ಸಿಪ್ಪೆ ಬಿಡದ ಭತ್ತ ಎಷ್ಟಿದೆ ನೋಡಬೇಕು. 10ರಿಂದ 15 ಇದ್ದರೆ ಅಂತರ ಸರಿಯಾಗಿದೆ. 25 ಬಂದರೆ ರೋಲು ಸಡಿಲ, ಮತ್ತೆ ಸುಲಿಯಲು ಹಿಂದಿರುಗುವ ಭತ್ತ ಹೆಚ್ಚಾಗುತ್ತದೆ. ಎರಡೋ ಮೂರೋ ಬಂದರೆ ತೀರಾ ಬಿಗಿ, ನುಚ್ಚೂ ಹೆಚ್ಚು, ರಬ್ಬರಿನ ಸವೆತವೂ ಹೆಚ್ಚು. ಎರಡು ರೋಲುಗಳಲ್ಲಿ ವೇಗವಾಗಿ ತಿರುಗುವುದು ಬೇಗ ಸವೆಯುವುದರಿಂದ ಅವುಗಳನ್ನು ಅದಲುಬದಲು ಮಾಡುವುದನ್ನೂ ಇದರೊಂದಿಗೆ ಹೇಳಿಕೊಡಬಹುದು. ಕಲಿಸಲು ಅರ್ಧ ಗಂಟೆ ಸಾಕು, ಅದೂ ಶೆಲ್ಲರಿನ ಪಕ್ಕದಲ್ಲೇ. ಆಮೇಲೆ ಪಾಳಿಗೆ ಎರಡು ಸಲ ಎಣಿಸಿ ಹಲಗೆಯ ಮೇಲೆ ಬರೆಯಲಿ. ಸಂಜೆ ನೀವು ಆ ಹಲಗೆ ನೋಡಲೇಬೇಕು. ಮಾಲೀಕರು ನೋಡದ ಹಲಗೆ ಎರಡು ವಾರದಲ್ಲಿ ಖಾಲಿಯಾಗುತ್ತದೆ.

ಪ್ರಶ್ನೆ: ಜೀನ್ಸ್ ಘಟಕದಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಹೊಸದಾಗಿ ಸೇರಿದವರನ್ನು ಹಳೇ ಟೈಲರ್ ಪಕ್ಕ ಕೂರಿಸುತ್ತೇವೆ. ಕೆಲವರು ಚೆನ್ನಾಗಿ ಕಲಿಯುತ್ತಾರೆ, ಕೆಲವರು ತಿಂಗಳಾದರೂ ಸೂಜಿ ಮುರಿಯುತ್ತಲೇ ಇರುತ್ತಾರೆ. ಹಳಬರನ್ನು ಕೇಳಿದರೆ ‘ಎಲ್ಲಾ ಹೇಳಿಕೊಟ್ಟೀನ್ರಿ, ಅವರಿಗೇ ತಲೆಗೆ ಹತ್ತವಲ್ದು’ ಅಂತಾರೆ. ಏನು ಮಾಡಬೇಕು?
– ಬಳ್ಳಾರಿ

ಉತ್ತರ: ನಿಮ್ಮ ಹಳೇ ಟೈಲರ್ ಸುಳ್ಳು ಹೇಳುತ್ತಿಲ್ಲ. ಹತ್ತು ವರ್ಷ ಮಾಡಿದ ಕೆಲಸದಲ್ಲಿ ಕೈ ತಾನಾಗಿ ಮಾಡುವ ಸಣ್ಣಸಣ್ಣ ಚಲನೆಗಳು ಮಾಡುವವರ ಗಮನಕ್ಕೇ ಬರುವುದಿಲ್ಲ, ಹಾಗಾಗಿ ಬಾಯಿಗೂ ಬರುವುದಿಲ್ಲ. ಹೊಸಬರು ಎಡವುವುದು ಸರಿಯಾಗಿ ಅಲ್ಲೇ. ಹಾಗಾಗಿ ಕಲಿಸುವುದಕ್ಕೆ ಮೊದಲು ಕೆಲಸವನ್ನು ಬಿಡಿಸಿ ಬರೆಯಬೇಕು.

ಇದಕ್ಕೆ ಹಳೆಯದೊಂದು ಒಳ್ಳೆಯ ಪದ್ಧತಿ ಇದೆ. ಎರಡನೇ ಮಹಾಯುದ್ಧದ ಕಾಲಕ್ಕೆ, 1940ರಲ್ಲಿ, ಅಮೆರಿಕ ಸರ್ಕಾರ ಕಾರ್ಖಾನೆಗೆ ಬಂದ ಹೊಸಬರನ್ನು ಬೇಗ ಪಳಗಿಸಲೆಂದು ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಕಾರ್ಯಕ್ರಮ ಶುರುಮಾಡಿತು. ಯುದ್ಧದ ನಂತರ ಅದು ಜಪಾನಿನ ಕಾರ್ಖಾನೆಗಳಲ್ಲಿ ಬೇರೂರಿತು. ಒಂದು ಹಾಳೆಯನ್ನು ಮೂರು ಅಂಕಣ ಮಾಡಿ ಮೊದಲನೆಯದರಲ್ಲಿ ಹಂತ, ಎರಡನೆಯದರಲ್ಲಿ ಆ ಹಂತದ ಗುಟ್ಟು, ಮೂರನೆಯದರಲ್ಲಿ ಯಾಕೆ ಎಂಬುದನ್ನು ಬರೆಯುವುದು ಈಗ ಬಳಕೆಯಲ್ಲಿರುವ ಅದರ ಮುಖ್ಯ ಸಾಧನ.

ನಿಮ್ಮ ಸೂಜಿಯನ್ನೇ ತೆಗೆದುಕೊಳ್ಳೋಣ. ಒಂಟಿ ಸೂಜಿಯ ಲಾಕ್‌ಸ್ಟಿಚ್ ಯಂತ್ರದಲ್ಲಿ ಸೂಜಿ ಬದಲಿಸುವ ಮೊದಲ ಹಂತ ಸ್ವಿಚ್ ಆರಿಸುವುದು. ಗುಟ್ಟು: ಆರಿಸಿದ ಮೇಲೂ ಪೆಡಲಿನಿಂದ ಕಾಲು ತೆಗೆಯಬೇಕು. ಯಾಕೆಂದರೆ ಹಳೇ ಕ್ಲಚ್ ಮೋಟಾರು ಆರಿಸಿದ ಮೇಲೂ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ, ಪೆಡಲ್ ತಗುಲಿದರೆ ಸೂಜಿ ಬೆರಳಿಗೆ ಇಳಿಯುತ್ತದೆ. ಎರಡನೇ ಹಂತದಲ್ಲಿ ಚಕ್ರವನ್ನು ಕೈಯಿಂದ ತಿರುಗಿಸಿ ಸೂಜಿಯ ದಂಡವನ್ನು ತುತ್ತತುದಿಗೆ ತರಬೇಕು. ಮೂರನೆಯದು ಸ್ಕ್ರೂ ಸಡಿಲಿಸಿ ಹೊಸ ಸೂಜಿ ತೂರಿಸುವುದು. ಇಲ್ಲಿ ಗುಟ್ಟು ಎರಡು. ಸೂಜಿ ಇನ್ನು ಮೇಲೆ ಹೋಗದು ಎನ್ನುವಷ್ಟು ಒತ್ತಬೇಕು, ಸೂಜಿಯ ಮೈಮೇಲಿನ ಉದ್ದ ಗಾಡಿ (ದಾರ ಕೂರುವ ತೋಡು) ಹೊಲಿಯಲು ಕೂತವರ ಎಡಕ್ಕೆ ಇರಬೇಕು. ಪೂರ್ತಿ ಮೇಲೆ ಹೋಗದಿದ್ದರೆ ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತದೆ, ಕೆಲವೊಮ್ಮೆ ಸೂಜಿ ಹುಕ್ಕಿಗೆ ತಾಗಿ ಮುರಿಯುತ್ತದೆ. ಗಾಡಿ ತಿರುಗಿ ಕೂತರೆ ದಾರ ಹರಿಯುತ್ತದೆ. ನಾಲ್ಕನೆಯದು ಬಿಗಿ ಮಾಡಿ, ಮೋಟಾರು ಹಾಕುವ ಮೊದಲು ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸುವುದು. ಎಲ್ಲಾದರೂ ತಾಗುತ್ತಿದ್ದರೆ ಕೈಗೇ ತಿಳಿಯುತ್ತದೆ. ಹಳಬರು ಹೇಳಲು ಮರೆಯುವ ಹಂತ ಇದೇ. ಮುರಿದ ಸೂಜಿಯ ಎಲ್ಲ ಚೂರುಗಳನ್ನೂ ಹುಡುಕಿ, ಜೋಡಿಸಿ ನೋಡಿ, ಒಪ್ಪಿಸಿಯೇ ಹೊಸ ಸೂಜಿ ಪಡೆಯಬೇಕು. ಒಂದು ಚೂರು ಬಟ್ಟೆಯಲ್ಲಿ ಉಳಿದರೂ ತೊಡುವವರಿಗೆ ಅಪಾಯ.

ದಪ್ಪ ಡೆನಿಮ್ಮಿಗೆ 16 ಅಥವಾ 18ನೇ ನಂಬರಿನ ಸೂಜಿ ಬೇಕು. ಸಣ್ಣ ಸೂಜಿ ಹಾಕಿ, ನಾಲ್ಕು ಪದರ ಕೂಡುವ ಜಾಗದಲ್ಲಿ ಬಟ್ಟೆಯನ್ನು ಕೈಯಿಂದ ಜಗ್ಗಿದರೆ ಸೂಜಿ ಬಾಗಿ ಮುರಿಯುವುದೇ. ನಿಮ್ಮಲ್ಲಿ ಮುರಿದ ಸೂಜಿಗಳ ಪಟ್ಟಿ ಇದ್ದರೆ ಯಾವ ಕಾರ್ಯದಲ್ಲಿ, ಯಾವ ಗಂಟೆಗೆ ಮುರಿಯುತ್ತಿವೆ ಎಂದು ನೋಡಿ. ಕಲಿಸಬೇಕಾದ್ದು ಏನೆಂದು ಪಟ್ಟಿಯೇ ಹೇಳುತ್ತದೆ.

ಹಾಳೆ ಸಿದ್ಧವಾದ ಮೇಲೆ ಕಲಿಸುವ ಕ್ರಮ ಹೀಗೆ. ಹೊಸಬರನ್ನು ಕಲಿಸುವವರ ಎದುರಿಗೆ ಕೂರಿಸಬೇಡಿ, ಪಕ್ಕದಲ್ಲಿ ಕೂರಿಸಿ. ಎದುರು ಕೂತರೆ ಎಡ ಬಲ ಅದಲುಬದಲಾಗಿ ಕಾಣುತ್ತದೆ. ಮೊದಲ ಸಲ ಹಂತಗಳನ್ನಷ್ಟೇ ಹೇಳುತ್ತಾ ಮಾಡಿ ತೋರಿಸಬೇಕು, ಎರಡನೇ ಸಲ ಗುಟ್ಟುಗಳನ್ನು ಸೇರಿಸಿ, ಮೂರನೇ ಸಲ ಕಾರಣಗಳನ್ನೂ ಸೇರಿಸಿ. ಆಮೇಲೆ ಹೊಸಬರು ಬಾಯಿಂದ ಹೇಳುತ್ತಾ ಕೈಯಿಂದ ಮಾಡಬೇಕು. ‘ತಿಳೀತೇನವ್ವಾ?’ ಎಂದರೆ ‘ಹೂಂನ್ರಿ’ ಎಂಬ ಉತ್ತರವೇ ಬರುತ್ತದೆ. ಬೇರೆ ಉತ್ತರ ಕೊಡಲು ಹೊಸಬರಿಗೆ ನಾಚಿಕೆ, ಹೆದರಿಕೆ. ಹಾಗಾಗಿ ಆ ಪ್ರಶ್ನೆ ಕೇಳುವುದನ್ನೇ ಬಿಡಿ, ‘ಗಾಡಿ ಯಾವ ಕಡೆ, ಯಾಕೆ?’ ಎಂದು ಕೇಳಿ. ತಪ್ಪಾದ ಕ್ಷಣವೇ ತಡೆಯಿರಿ, ತಪ್ಪು ಮೂರು ಸಲ ಕೈಗೆ ರೂಢಿಯಾಗಲು ಬಿಡಬೇಡಿ. ಮೊದಲ ದಿನ ಪ್ರತಿ ಗಂಟೆಗೊಮ್ಮೆ, ಮರುದಿನ ಎರಡು ಸಲ, ಆಮೇಲೆ ವಾರಕ್ಕೊಮ್ಮೆ ಹೋಗಿ ನೋಡಿ.

ಕಲಿಸುವ ಟೈಲರಿಗೆ ಆ ದಿನಗಳಲ್ಲಿ ಪೀಸಿನ ಗುರಿ ಕಡಿಮೆ ಮಾಡಿ, ಕೂಲಿ ಕಡಿತವಾಗದಂತೆ ನೋಡಿಕೊಳ್ಳಿ. ಪೀಸಿಗಿಷ್ಟು ಎಂದು ದುಡಿಯುವವರಿಂದ ಸಂಬಳ ಕಳೆದುಕೊಂಡು ಕಲಿಸಿ ಎಂದು ಕೇಳುವುದು ನ್ಯಾಯವಲ್ಲ, ನಡೆಯುವುದೂ ಇಲ್ಲ.

ಪ್ರಶ್ನೆ: ತರಬೇತಿಯೊಂದರಲ್ಲಿ ‘ಓದಿದ್ದರಲ್ಲಿ 10 ಶೇಕಡಾ, ಕೇಳಿದ್ದರಲ್ಲಿ 20, ನೋಡಿದ್ದರಲ್ಲಿ 30, ಮಾಡಿದ್ದರಲ್ಲಿ 90 ಶೇಕಡಾ ನೆನಪಿರುತ್ತದೆ’ ಎಂದು ಪಿರಮಿಡ್ ಚಿತ್ರ ತೋರಿಸಿದರು. ನಿಜವೇ?
– ಶಿಕ್ಷಕರು, ಮಾನ್ವಿ

ಉತ್ತರ: ಇಲ್ಲ. ಆ ಅಂಕಿಗಳಿಗೆ ಯಾವ ಪ್ರಯೋಗದ ಆಧಾರವೂ ಇಲ್ಲ. ಅಮೆರಿಕದ ಶಿಕ್ಷಣ ತಜ್ಞ ಎಡ್ಗರ್ ಡೇಲ್ 1946ರಲ್ಲಿ ಕಲಿಕೆಯ ಅನುಭವಗಳ ಶಂಕುವಿನ ಚಿತ್ರ ಕೊಟ್ಟರು, ಅದರಲ್ಲಿ ಶೇಕಡಾವಾರು ಇರಲೇ ಇಲ್ಲ. ಸಂಖ್ಯೆಗಳನ್ನು ಆಮೇಲೆ ಬೇರೆಯವರು ಅಂಟಿಸಿದರು. ‘ಕೆಲವರು ಕಣ್ಣಿನಿಂದ ಕಲಿಯುವವರು, ಕೆಲವರು ಕಿವಿಯಿಂದ’ ಎಂದು ಜನರನ್ನು ವಿಂಗಡಿಸಿ ಪಾಠ ಹೇಳಬೇಕೆಂಬ ಮಾತೂ ಹೀಗೆಯೇ. ಮನೋವಿಜ್ಞಾನಿ ಹ್ಯಾರಲ್ಡ್ ಪ್ಯಾಶ್ಲರ್ ಮತ್ತು ಜೊತೆಗಾರರು 2008ರಲ್ಲಿ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ ಅದಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದರು. ಹೇಗೆ ಕಲಿಸಬೇಕು ಎಂಬುದನ್ನು ವಿಷಯ ನೋಡಿ ತೀರ್ಮಾನಿಸಿ. ಬೇರಿಂಗಿನ ಸದ್ದನ್ನು ಎಲ್ಲರೂ ಕಿವಿಯಿಂದಲೇ ಕಲಿಯಬೇಕು, ಗೇಜಿನ ಮುಳ್ಳನ್ನು ಎಲ್ಲರೂ ಕಣ್ಣಿನಿಂದಲೇ.

ಪ್ರಶ್ನೆ: ಗುತ್ತಿಗೆ ಸಂಸ್ಥೆಯಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದೇನೆ. ಕನ್ವೇಯರ್ (ಸರಕು ಸಾಗಿಸುವ ಬೆಲ್ಟ್) ನಿರ್ವಹಣೆ ನಮ್ಮ ಕೆಲಸ. ತಿಂಗಳಿಗೊಮ್ಮೆ ಇಡೀ ದಿನದ ಸುರಕ್ಷತಾ ತರಗತಿ ಇರುತ್ತದೆ. 80 ಸ್ಲೈಡು. ರಾತ್ರಿ ಪಾಳಿ ಮುಗಿಸಿ ಬಂದವರು ತೂಕಡಿಸುತ್ತಾರೆ. ಲಾಕ್‌ಔಟ್ (ದುರಸ್ತಿಗೆ ಮುನ್ನ ಯಂತ್ರ ಚಾಲೂ ಆಗದಂತೆ ವಿದ್ಯುತ್ ಕಡಿದು ಬೀಗ ಹಾಕುವುದು) ಬಗ್ಗೆ ಪ್ರತಿ ತಿಂಗಳೂ ಹೇಳುತ್ತೇವೆ, ಆದರೂ ಬೀಗ ಹಾಕದೆ ಬೆಲ್ಟಿನ ಬಳಿ ಹೋಗುತ್ತಾರೆ.
– ತೋರಣಗಲ್ಲು

ಉತ್ತರ: ರಾತ್ರಿಯೆಲ್ಲ ದುಡಿದವರನ್ನು ಬೆಳಿಗ್ಗೆ ತರಗತಿಗೆ ಕೂರಿಸುವುದನ್ನು ಮೊದಲು ನಿಲ್ಲಿಸಿ. ಅದರಿಂದ ಹಾಜರಿ ಪುಸ್ತಕ ತುಂಬುತ್ತದೆ, ತಲೆಗೆ ಏನೂ ಹೋಗುವುದಿಲ್ಲ, ನಿದ್ದೆಗೆಟ್ಟವರು ಮನೆಗೆ ಬೈಕಿನಲ್ಲಿ ಹೋಗುವಾಗಿನ ಅಪಾಯ ಬೇರೆ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಪಾಠ ಇಟ್ಟರೂ ಇದೇ ಗತಿ.

ತಿಂಗಳಿಗೊಂದು ದಿನದ ಬದಲು ಅದೇ ಸಮಯವನ್ನು ಚೂರುಚೂರಾಗಿ ಹಂಚಿ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿ, ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಅತಿ ವೇಗವಾಗಿ ಮರೆಯುತ್ತದೆ, ಆಮೇಲೆ ಮರೆವಿನ ವೇಗ ತಗ್ಗುತ್ತದೆ ಎಂದು ತೋರಿಸಿದರು. ಅವರು ಕಲಿತದ್ದು ಅರ್ಥವಿಲ್ಲದ ಅಕ್ಷರಗುಂಪುಗಳನ್ನು. ಕೆಲಸದ ವಿಷಯ ಅಷ್ಟು ಬೇಗ ಅಳಿಸದು. ಆದರೂ ಒಮ್ಮೆಲೇ ಎಂಟು ಗಂಟೆ ಹೇಳುವುದಕ್ಕಿಂತ ಬಿಡುವು ಕೊಟ್ಟು ಮತ್ತೆ ಮತ್ತೆ ಮುಟ್ಟುವುದು ಹೆಚ್ಚು ಉಳಿಯುತ್ತದೆ ಎಂಬುದು ಆಮೇಲಿನ ಸಂಶೋಧನೆಗಳಲ್ಲೂ ಗಟ್ಟಿಯಾಗಿ ನಿಂತಿದೆ.

ಮತ್ತೆ ಮುಟ್ಟುವುದೆಂದರೆ ಮತ್ತೆ ಹೇಳುವುದಲ್ಲ, ಮತ್ತೆ ಕೇಳುವುದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಪಾಠ ಕೊಟ್ಟರು. ವಿದ್ಯಾರ್ಥಿಗಳು ಒಂದನ್ನು ಎರಡು ಸಲ ಓದಿದರು, ಇನ್ನೊಂದನ್ನು ಒಮ್ಮೆ ಓದಿ, ಆಮೇಲೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ ಪಾಠವೇ ಮುಂದು. ಒಂದು ವಾರದ ನಂತರ ಕೇಳಿದಾಗ ಎರಡು ಸಲ ಓದಿದ್ದರಲ್ಲಿ 42 ಶೇಕಡಾ, ನೆನಪಿಸಿಕೊಂಡು ಬರೆದದ್ದರಲ್ಲಿ 56 ಶೇಕಡಾ ಉಳಿದಿತ್ತು. ತರಗತಿ ಮುಗಿದ ಕೂಡಲೇ ಪರೀಕ್ಷೆ ಇಟ್ಟು ಎಲ್ಲರೂ ಪಾಸಾದರು ಎಂದು ಸಮಾಧಾನಪಡುವುದು ಯಾಕೆ ತಪ್ಪು ಎಂಬುದೂ ಇದರಲ್ಲೇ ಇದೆ.

ನಿಮ್ಮ ಲಾಕ್‌ಔಟಿಗೆ ಒಂದು ಯೋಜನೆ ಹೇಳುತ್ತೇವೆ. ಮೊದಲ ದಿನ ಪಾಳಿಯ ಆರಂಭದಲ್ಲಿ, ನಿಂತ ಬೆಲ್ಟಿನ ಬಳಿಯೇ, 40 ನಿಮಿಷ. ಒಂದು ತಂಡಕ್ಕೆ ಎಂಟು ಜನಕ್ಕಿಂತ ಹೆಚ್ಚು ಬೇಡ. ಕಂಟ್ರೋಲ್ ರೂಮಿಗೆ ತಿಳಿಸಿ ಬೆಲ್ಟ್ ನಿಲ್ಲಿಸುವುದು, ವಿದ್ಯುತ್ ಕಡಿತಗೊಳಿಸುವುದು, ಕೆಲಸಕ್ಕಿಳಿಯುವ ಪ್ರತಿಯೊಬ್ಬರೂ ತಮ್ಮದೇ ಬೀಗ ಹಾಕಿ ಕೀಲಿಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳುವುದು, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನ್ ತೂಕ ಹಾಗೂ ಇಳಿಜಾರಿನ ಬೆಲ್ಟ್ ಹಿಂದೆ ಜಾರದಂತೆ ಭದ್ರಪಡಿಸುವುದು, ಕೊನೆಗೆ ಚಾಲೂ ಬಟನ್ ಒತ್ತಿ ಬೆಲ್ಟ್ ಅಲುಗದು ಎಂದು ಖಚಿತಪಡಿಸಿಕೊಂಡು ಬಟನ್ನನ್ನು ಮತ್ತೆ ನಿಲುಗಡೆಗೆ ತರುವುದು. ಇದಿಷ್ಟನ್ನೂ ಪ್ರತಿಯೊಬ್ಬರೂ ಕೈಯಾರೆ ಮಾಡಬೇಕು. ಮೂರು ದಿನದ ನಂತರ ಟೂಲ್‌ಬಾಕ್ಸ್ ಮಾತಿನ (ಕೆಲಸಕ್ಕೆ ಮುನ್ನ ನಡೆಸುವ ಚುಟುಕು ಸುರಕ್ಷತಾ ಮಾತುಕತೆ) ಹತ್ತು ನಿಮಿಷದಲ್ಲಿ ನೀವು ಏನೂ ವಿವರಿಸಬೇಡಿ. ‘ಬೀಗ ಹಾಕಿದ್ದೀವಿ, ಆದರೂ ಬೆಲ್ಟ್ ಅಲುಗಿತು. ಯಾವ ಹಂತ ಬಿಟ್ಟಿರಬಹುದು?’ ಎಂದು ಕೇಳಿ ಸುಮ್ಮನಿರಿ. ಹತ್ತು ದಿನದ ನಂತರ ಬೇಕೆಂದೇ ಒಂದು ತಪ್ಪು ಇಟ್ಟು ಹುಡುಕಿಸಿ: ಪಕ್ಕದ ಬೆಲ್ಟಿನ ಸ್ವಿಚ್ಚಿಗೆ ಬೀಗ ಹಾಕಿಡುವುದು ಒಳ್ಳೆಯ ಪರೀಕ್ಷೆ. ತಿಂಗಳಿಗೆ ಮತ್ತೊಮ್ಮೆ ಕೈಯಾರೆ.

ಇಷ್ಟಾದರೂ ಬೀಗ ಹಾಕದಿದ್ದರೆ ಬೀಗಗಳನ್ನೇ ಎಣಿಸಿ. ಹದಿನೈದು ಜನರಿಗೆ ಐದು ಬೀಗ ಕೊಟ್ಟು ನಿಯಮ ಪಾಲಿಸಿ ಎಂದರೆ ಆಗದು. ಬೆಲ್ಟ್ ನಿಂತ ಪ್ರತಿ ನಿಮಿಷಕ್ಕೂ ಫೋನು ಮಾಡಿ ‘ಇನ್ನೂ ಆಗಿಲ್ವಾ?’ ಎನ್ನುವ ಎಂಜಿನಿಯರಿಗೆ ನೀವು ಮೊದಲು ಕಲಿಸಬೇಕು. ಕಾನೂನು ಕೇಳುವ ತರಬೇತಿಯ ಗಂಟೆಗಳನ್ನು ಮಾತ್ರ ಕಡಿಮೆ ಮಾಡಬೇಡಿ, ಆ ಗಂಟೆಗಳೊಳಗೆ ನಡೆಯುವುದನ್ನು ಬದಲಿಸಿ.

ಪ್ರಶ್ನೆ: ವಯಸ್ಸು 26, ಬಾಯ್ಲರ್ ವಿಭಾಗದಲ್ಲಿ ಎಂಜಿನಿಯರ್. ಹೊಸ ಕಂಟ್ರೋಲ್ ಪ್ಯಾನೆಲ್ ಬಂದಿದೆ. 50 ದಾಟಿದ ಆಪರೇಟರುಗಳಿಗೆ ನಾನು ಕಲಿಸಬೇಕು. ‘ನಿಮ್ಮ ವಯಸ್ಸಿನಷ್ಟು ನಮ್ಮ ಸರ್ವಿಸ್ ಆಗ್ಯಾದ’ ಎಂದು ನಗುತ್ತಾರೆ.
– ರಾಯಚೂರು

ಉತ್ತರ: ಅವರು ಹೇಳುವುದು ನಿಜ, ಅದನ್ನು ಒಪ್ಪಿಕೊಂಡೇ ಶುರುಮಾಡಿ. ಬಾಯ್ಲರ್ ಹೇಗೆ ವರ್ತಿಸುತ್ತದೆ ಎಂಬುದು ಅವರಿಗೆ ಗೊತ್ತು. ನಿಮಗೆ ಗೊತ್ತಿರುವುದು ಹೊಸ ಪರದೆಯಲ್ಲಿ ಅದು ಎಲ್ಲಿ ಕಾಣುತ್ತದೆ ಎಂಬುದು. ಪಾಠವನ್ನು ಈ ಎರಡರ ನಡುವಿನ ಅಂತರಕ್ಕಷ್ಟೇ ಸೀಮಿತಗೊಳಿಸಿ. ವಯಸ್ಕರ ಕಲಿಕೆಯ ಬಗ್ಗೆ ಬಹಳ ಬರೆದ ಮಾಲ್ಕಮ್ ನೋಲ್ಸ್ ಒತ್ತಿ ಹೇಳಿದ್ದು ಇದನ್ನೇ: ದೊಡ್ಡವರು ಖಾಲಿ ಕೈಯಲ್ಲಿ ಬರುವುದಿಲ್ಲ, ತಮ್ಮ ಅನುಭವದೊಂದಿಗೆ ಬರುತ್ತಾರೆ, ಇದು ನನಗೆ ಯಾಕೆ ಬೇಕು ಎಂದು ತಿಳಿದ ಮೇಲೆಯೇ ಕಲಿಯಲು ಕೂರುತ್ತಾರೆ.

ಮೊದಲ ಸಭೆಯಲ್ಲಿ ಪ್ಯಾನೆಲ್ ಮುಟ್ಟಲೇಬೇಡಿ. ‘ಕಾಕಾ, ಡ್ರಮ್ಮಿನ ನೀರಿನ ಮಟ್ಟ ದಿಢೀರನೆ ಇಳಿದರೆ ಹಳೇ ಪ್ಯಾನೆಲ್ಲಿನಲ್ಲಿ ಮೊದಲು ಏನು ನೋಡ್ತಿದ್ರಿ?’ ಎಂದು ಕೇಳಿ. ಅವರು ಹೇಳುವ ಐದಾರು ತುರ್ತು ಸಂದರ್ಭಗಳೇ ನಿಮ್ಮ ಪಾಠದ ಪಟ್ಟಿ. ಹೊಸ ಪರದೆಯ ಎಲ್ಲ ಮೆನುಗಳನ್ನೂ ಸಾಲಾಗಿ ವಿವರಿಸುವ ಬದಲು ಆ ಸಂದರ್ಭಗಳನ್ನೇ ಒಂದೊಂದಾಗಿ ಹೊಸ ಪರದೆಯಲ್ಲಿ ಮಾಡಿಸಿ. ಒಂದು ಕೂಟಕ್ಕೆ ಮೂರು ನಾಲ್ಕು ಹೊಸ ಸಂಗತಿಗಿಂತ ಹೆಚ್ಚು ಬೇಡ. ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳುವುದೇ ಅಷ್ಟು, ಇಂಥ ಮಿತಿ ಎಲ್ಲ ವಯಸ್ಸಿನವರಿಗೂ ಇದೆ.

ಕಿರಿಯರ ಎದುರು ಅವರನ್ನು ಪರದೆಯ ಮುಂದೆ ನಿಲ್ಲಿಸಿ ‘ಮಾಡಿ ತೋರಿಸಿ’ ಎನ್ನಬೇಡಿ. ಬೆರಳು ತಪ್ಪಿದರೆ ಆ ಅವಮಾನ ನಿವೃತ್ತಿಯವರೆಗೂ ಉಳಿಯುತ್ತದೆ. ಇಬ್ಬಿಬ್ಬರಾಗಿ, ಪಾಳಿ ಸಡಿಲವಿರುವ ಹೊತ್ತಿನಲ್ಲಿ, ಸಿಮ್ಯುಲೇಷನ್ ವಿಧಾನದಲ್ಲಿ (ನಿಜವಾದ ಬಾಯ್ಲರ್ ಮುಟ್ಟದೆ, ಪರದೆಯ ಮೇಲಷ್ಟೇ) ಅಭ್ಯಾಸ ಮಾಡಿಸಿ. ಕನ್ನಡಕ ಬೇಕಾದವರಿಗೆ ಪರದೆಯ ಅಕ್ಷರ ದೊಡ್ಡದು ಮಾಡಿಕೊಡುವುದೂ ನಿಮ್ಮದೇ ಹೊಣೆ. ‘ಇವರಿಗೆ ತಲೆಗೆ ಹೋಗುವುದಿಲ್ಲ’ ಎಂದು ಷರಾ ಬರೆಸಿಕೊಂಡ ಎಷ್ಟೋ ಹಿರಿಯರಿಗೆ ತೊಂದರೆ ಇದ್ದದ್ದು ಕಣ್ಣಿನದು.

ಪ್ರಶ್ನೆ: ಅಂಗನವಾಡಿ ಮೇಲ್ವಿಚಾರಕಿ. ಮಕ್ಕಳ ತೋಳಿನ ಸುತ್ತಳತೆ ತೆಗೆಯುವುದನ್ನು ತಾಲ್ಲೂಕು ಮಟ್ಟದಲ್ಲಿ ಕಲಿಸಿದ್ದರೂ ಕಾರ್ಯಕರ್ತೆಯರ ಅಳತೆಗೂ ನಾನು ತೆಗೆದ ಅಳತೆಗೂ ತಾಳೆಯಾಗುತ್ತಿಲ್ಲ.
– ಕುಷ್ಟಗಿ

ಉತ್ತರ: ನಿಮ್ಮ ಪ್ರಶ್ನೆ ನಮಗೆ ಬಹಳ ಮುಖ್ಯ ಎನಿಸಿತು. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳು 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರ ಒಳಗಿದ್ದರೆ ಮಧ್ಯಮ. ಅರ್ಧ ಸೆಂಟಿಮೀಟರಿನ ತಪ್ಪು ಒಂದು ಮಗುವನ್ನು ಚಿಕಿತ್ಸೆಯಿಂದ ಹೊರಗಿಡಬಲ್ಲದು.

ತಾಳೆಯಾಗದಿರುವುದಕ್ಕೆ ಕಾರಣ ಸಾಮಾನ್ಯವಾಗಿ ನಾಲ್ಕು. ಭುಜದ ತುದಿಯಿಂದ ಮೊಣಕೈ ತುದಿಗೆ ಅಳೆದು ನಡುವೆ ಗುರುತು ಹಾಕುವ ಬದಲು ಅಂದಾಜಿನಲ್ಲಿ ಪಟ್ಟಿ ಸುತ್ತುವುದು. ನಡುಬಿಂದು ಹುಡುಕುವಾಗ ಮಡಚಿದ ಮೊಣಕೈಯನ್ನು ಅಳತೆಯ ಹೊತ್ತಿಗೆ ಸಡಿಲ ಬಿಡದಿರುವುದು. ಅಳುವ ಮಗುವಿನ ಗಡಿಬಿಡಿಯಲ್ಲಿ ಪಟ್ಟಿಯನ್ನು ಚರ್ಮ ಒತ್ತುವಷ್ಟು ಎಳೆಯುವುದು. ಎಡ ತೋಳಿನ ಬದಲು ಕೈಗೆ ಸಿಕ್ಕ ತೋಳು ಹಿಡಿಯುವುದು. ಯಾರು ಯಾವ ತಪ್ಪು ಮಾಡುತ್ತಿದ್ದಾರೆ ಎಂಬುದು 60 ಜನರ ಸಭಾಂಗಣದಲ್ಲಿ ವೇದಿಕೆ ಮೇಲಿನವರಿಗೆ ಎಂದೂ ಕಾಣದು.

ವಲಯದ ಮಾಸಿಕ ಸಭೆಯನ್ನು ಅಂಗನವಾಡಿ ಕೇಂದ್ರದಲ್ಲೇ ಇಡಿ. ನಾಲ್ಕು ಮಕ್ಕಳು, ಒಂದೊಂದು ಮಗುವಿಗೆ ನಾಲ್ಕು ಕಾರ್ಯಕರ್ತೆಯರು. ಪ್ರತಿಯೊಬ್ಬರೂ ಎರಡು ಸಲ ಅಳೆದು, ಯಾರಿಗೂ ಹೇಳದೆ ಚೀಟಿಯಲ್ಲಿ ಬರೆಯಲಿ. ಕೊನೆಗೆ ನೀವೂ ಅಳೆಯಿರಿ. ಒಬ್ಬರದೇ ಎರಡು ಅಳತೆಗಳ ನಡುವೆ 5 ಮಿ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಕೈ ಸ್ಥಿರವಾಗಿಲ್ಲ. ಎರಡೂ ಒಂದಕ್ಕೊಂದು ಹೊಂದಿ, ನಿಮ್ಮದಕ್ಕಿಂತ ಸದಾ ಕಡಿಮೆ ಬಂದರೆ ಪಟ್ಟಿ ಬಿಗಿಯಾಗುತ್ತಿದೆ. ತಪ್ಪು ತಿಳಿದ ಮೇಲೆ ತಿದ್ದಲು ಐದು ನಿಮಿಷ ಸಾಕು. ಒಂದು ಮಗುವಿಗೆ ನಾಲ್ವರಿಗಿಂತ ಹೆಚ್ಚು ಜನ ಬೇಡ, ಮಗು ದಣಿಯುತ್ತದೆ, ತಾಯಿ ಪಕ್ಕದಲ್ಲೇ ಇರಲಿ.

ಪ್ರಶ್ನೆ: ಕೃಷಿ ಪತ್ತಿನ ಸಹಕಾರ ಸಂಘದ ಸಿಬ್ಬಂದಿಗೆ ತರಬೇತಿ ಏರ್ಪಡಿಸುತ್ತೇವೆ. ಕೊನೆಯಲ್ಲಿ ಕೊಡುವ ಅಭಿಪ್ರಾಯ ಪತ್ರದಲ್ಲಿ ಎಲ್ಲರೂ ‘ಅತ್ಯುತ್ತಮ’ ಎಂದೇ ಬರೆಯುತ್ತಾರೆ. ನಿಜಕ್ಕೂ ಉಪಯೋಗವಾಯಿತೇ ಎಂದು ತಿಳಿಯುವುದು ಹೇಗೆ?
– ಸಿಂಧನೂರು

ಉತ್ತರ: ಅಭಿಪ್ರಾಯ ಪತ್ರ ಹೇಳುವುದು ಊಟ, ಕುರ್ಚಿ, ಮಾತುಗಾರಿಕೆ ಹಿಡಿಸಿತೇ ಎಂಬುದನ್ನಷ್ಟೇ. ಅಮೆರಿಕದ ತರಬೇತಿ ತಜ್ಞ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯ ಫಲವನ್ನು ನಾಲ್ಕು ಹಂತದಲ್ಲಿ ನೋಡಬೇಕು ಎಂದರು: ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಸಂಸ್ಥೆಗೆ ಫಲ ಬಂತೇ. ಬಹುತೇಕರು ಮೊದಲನೆಯದಕ್ಕೇ ನಿಲ್ಲುತ್ತಾರೆ. ನಮ್ಮ ಸಲಹೆ, ಯೋಜನೆ ಹಾಕುವಾಗ ಕೊನೆಯದರಿಂದ ಶುರುಮಾಡಿ.

ಬೆಳೆ ಸಾಲದ ಅರ್ಜಿಗಳು ದಾಖಲೆ ಸರಿಯಿಲ್ಲವೆಂದು ವಾಪಸ್ ಬರುವುದು ನಿಮ್ಮ ತೊಂದರೆ ಎಂದುಕೊಳ್ಳೋಣ. ತರಬೇತಿಗೆ ಮೊದಲೇ ಹಿಂದಿನ ಎರಡು ತಿಂಗಳ ವಾಪಸಾತಿಗಳನ್ನು ತೆಗೆದು ಯಾವುದು ಪಹಣಿಯ ಹೆಸರಿನ ವ್ಯತ್ಯಾಸಕ್ಕೆ, ಯಾವುದು ಸಹಿ ಬಿಟ್ಟದ್ದಕ್ಕೆ, ಯಾವುದು ಲೆಕ್ಕ ತಪ್ಪಿದ್ದಕ್ಕೆ ಎಂದು ವಿಂಗಡಿಸಿ. ಮೊದಲಿನ ಲೆಕ್ಕ ಇಲ್ಲದೆ ಆಮೇಲಿನ ಲೆಕ್ಕಕ್ಕೆ ಬೆಲೆಯಿಲ್ಲ. ಹೆಚ್ಚಿರುವ ಎರಡು ಕಾರಣಗಳಿಗಷ್ಟೇ ತರಬೇತಿ ಇರಲಿ, ಅದೂ ನಿಜವಾಗಿ ವಾಪಸ್ ಬಂದ ಅರ್ಜಿಗಳನ್ನೇ ರೈತರ ಹೆಸರು ಮುಚ್ಚಿ ಕೈಗೆ ಕೊಟ್ಟು ತಪ್ಪು ಹುಡುಕಿಸುವ ಮೂಲಕ. ಆರು ವಾರದ ನಂತರ ಮತ್ತೆ ಎಣಿಸಿ. ಹಂಗಾಮಿನಲ್ಲಿ ಅರ್ಜಿಗಳ ಸಂಖ್ಯೆಯೇ ಏರುವುದರಿಂದ ನೂರಕ್ಕೆ ಎಷ್ಟು ವಾಪಸ್ ಎಂದು ಲೆಕ್ಕ ಹಾಕಬೇಕು.

ಸಂಘದ ಕಾರ್ಯದರ್ಶಿಯನ್ನು ತರಬೇತಿಗೆ ಮೊದಲೇ ಕೂರಿಸಿಕೊಂಡು ಮಾತನಾಡಿ. ಕಲಿತದ್ದು ಕೆಲಸಕ್ಕೆ ಇಳಿಯುವುದು ಕಲಿಯುವವರಿಂದ, ಕಲಿಸುವ ರೀತಿಯಿಂದ ಮಾತ್ರ ನಿರ್ಧಾರವಾಗದು, ಮರಳಿ ಹೋದ ಜಾಗದ ಮೇಲಧಿಕಾರಿಯಿಂದಲೂ ಆಗುತ್ತದೆ ಎಂದು ಬಾಲ್ಡ್‌ವಿನ್ ಮತ್ತು ಫೋರ್ಡ್ ಎಂಬ ಸಂಶೋಧಕರು 1988ರಲ್ಲಿ ಆಗಿನ ಸಂಶೋಧನೆಗಳನ್ನು ಒಟ್ಟು ನೋಡಿ ತೋರಿಸಿದ್ದಾರೆ. ಹೊಸ ತಪಾಸಣಾ ಪಟ್ಟಿ ಹಿಡಿದು ಬಂದ ಗುಮಾಸ್ತನಿಗೆ ‘ಅದೆಲ್ಲ ಅಲ್ಲೇ ಬಿಡು, ನಮ್ಮ ಪದ್ಧತಿ ಬೇರೆ’ ಎಂದರೆ ಅಲ್ಲಿಗೆ ಮುಗಿಯಿತು.

ಪ್ರಶ್ನೆ: ನಮ್ಮಲ್ಲಿ ಕನ್ನಡ, ತೆಲುಗು, ಉರ್ದು ಮಾತಾಡುವವರ ಜೊತೆ ಬಿಹಾರದಿಂದ ಬಂದವರೂ ಇದ್ದಾರೆ. ಓದಲು ಬಾರದವರು ಹಲವರು. ಒಂದೇ ತರಬೇತಿ ಹೇಗೆ ಕೊಡುವುದು?
– ಕಾರಟಗಿ

ಉತ್ತರ: ಮಾತು ಕಡಿಮೆ ಮಾಡಿ, ವಸ್ತು ಹೆಚ್ಚು ಮಾಡಿ. ಅಂತರ್ಜಾಲದಿಂದ ತೆಗೆದ ಚಿತ್ರ ಬೇಡ, ನಿಮ್ಮದೇ ಯಂತ್ರದ, ನಿಮ್ಮದೇ ಬಟನ್ನಿನ ಫೋಟೊ ಮೊಬೈಲಿನಲ್ಲಿ ತೆಗೆದು ದೊಡ್ಡದಾಗಿ ಮುದ್ರಿಸಿ, ಹಂತಕ್ಕೊಂದರಂತೆ, ಆರಕ್ಕೆ ಮೀರದಂತೆ, ಯಂತ್ರದ ಮೇಲೆಯೇ ಅಂಟಿಸಿ. ಸರಿಯಾದ ಅಕ್ಕಿ, ನುಚ್ಚು ಹೆಚ್ಚಾದ ಅಕ್ಕಿ, ಭತ್ತ ಉಳಿದ ಅಕ್ಕಿಯನ್ನು ಮೂರು ಪಾರದರ್ಶಕ ಡಬ್ಬಿಯಲ್ಲಿ ಶೆಲ್ಲರಿನ ಪಕ್ಕ ಇಡಿ. ‘ಸ್ವಲ್ಪ ಬಿಗಿ ಮಾಡು’ ಎಂಬ ಮಾತು ಅನುವಾದದಲ್ಲಿ ಹಾಳಾಗುತ್ತದೆ, ಹಿಡಿಕೆಗೆ ಬಣ್ಣದ ಗೆರೆ ಎಳೆದರೆ ಹಾಳಾಗದು. ಪ್ರತಿ ಭಾಷೆಯವರಲ್ಲಿ ಕೆಲಸ ಚೆನ್ನಾಗಿ ಬಲ್ಲ ಒಬ್ಬರಿಗೆ ಮೊದಲು ಕಲಿಸಿ, ಅವರು ತಮ್ಮವರಿಗೆ ಕಲಿಸಲಿ, ಅವರು ಕಲಿಸುವಾಗ ನೀವು ಅಲ್ಲಿರಿ. ಭಾಷೆ ತಿಳಿಯದಿದ್ದರೂ ಕೈ ಸರಿಯಾಗಿ ಹೋಗುತ್ತಿದೆಯೇ ಎಂಬುದು ನಿಮಗೆ ಕಾಣುತ್ತದೆ. ‘ನಿಲ್ಲಿಸು’ ಎಂಬುದಕ್ಕೆ ಮಾತ್ರ ಎಲ್ಲರಿಗೂ ಒಂದೇ ಕೈಸನ್ನೆ ಗೊತ್ತುಮಾಡಿ ಮೊದಲ ದಿನವೇ ಅಭ್ಯಾಸ ಮಾಡಿಸಿ. ಗಿರಣಿಯ ಸದ್ದಿನಲ್ಲಿ ಯಾವ ಭಾಷೆಯೂ ಕೇಳಿಸುವುದಿಲ್ಲ.